ಗೋಡೌನ್ ಬಾಗಿಲು ತೆರೆದಿಟ್ಟ ಬ್ರೌಸರ್

"ನಿಮ್ಮ ಕಂಪ್ಯೂಟರು ನನ್ನನ್ನ ಕಳ್ಳ ಅಂದಿದೆಯಂತೆ. ಹಾಗೆ ಓದಿ ಹೇಳಿದೋರು ಯಾರು, ಅವರನ್ನ ಕರೀರಿ."

ಮಲ್ಲೇಶ್ವರದ ನಮ್ಮ ಆಫೀಸಿನ ಬಾಗಿಲಲ್ಲಿ ನಿಂತು ಹೀಗೆ ಗದರಿದವರು ಚಿಕ್ಕಪೇಟೆಯ ಒಂದು ರೇಷ್ಮೆ ಸೀರೆ ಅಂಗಡಿಯ ಗುಮಾಸ್ತರು. ಅರವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆ ಮೇಲೆ ವಿಭೂತಿ. ಅಳುತ್ತಾ ಬಂದಿದ್ದರೆ ಒಂದು ಲೋಟ ನೀರು ಕೊಟ್ಟು, ಬಾಸ್ ಬರಲಿ ಇರಿ ಅಂತ ಹೇಳಿ ನಾನೂ ಕೈ ತೊಳೆದುಕೊಳ್ಳುತ್ತಿದ್ದೆನೋ ಏನೋ. ಅವರು ಅಳಲಿಲ್ಲ. ಕೂತುಕೊಳ್ಳಿ ಅಂದರೆ ಕೂರಲೂ ಇಲ್ಲ. ಆ ಗತ್ತು ನನಗೆ ಹಿಡಿಸಿತು.

ನಮ್ಮದು ಸಣ್ಣ ಕಂಪನಿ. ಹಳೇ ಮನೆಯೊಂದರ ಮಹಡಿ. ಕೆಳಗಡೆ ಓನರ್ ಸಂಸಾರ, ಅವರು ಒಗ್ಗರಣೆ ಹಾಕಿದರೆ ಮೇಲೆ ನಮ್ಮ ಟೀಮು ಪೂರ್ತಿ ಸೀನುತ್ತದೆ. ಬಟ್ಟೆ ವ್ಯಾಪಾರಿಗಳ ಸಂಘವೊಂದಕ್ಕೆ ನಾವು ಬ್ರೌಸರ್ ಮಾಡಿಕೊಟ್ಟಿದ್ದೇವೆ. ಪೂರ್ತಿ ನಾವೇ ಮಾಡಿದ್ದು ಅಂದರೆ ಸುಳ್ಳಾಗುತ್ತದೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಒಂದು ಬ್ರೌಸರ್ ಎಂಜಿನ್ ಹಿಡಿದು, ಅಂಗಡಿಯವರಿಗೆ ಬೇಕಾದ ಹಾಗೆ ಅಲ್ಲಲ್ಲಿ ತಿದ್ದಿದ್ದು. ಸಂಘದ ವೆಬ್‌ಸೈಟಿನಲ್ಲಿ ಪ್ರತಿ ಅಂಗಡಿಗೂ ಅದರದೇ ವಿಳಾಸ, ಅದರದೇ ಪುಟ. ಮುಂದಿನ ಪುಟದಲ್ಲಿ ಎಲ್ಲರೂ ನೋಡಬಹುದಾದ ಸ್ಟಾಕು. ಹಿಂದಿನ ಪುಟ ಮಾಲೀಕರು ಲಾಗಿನ್ ಆದರೆ ಮಾತ್ರ ಕಾಣುವಂಥದ್ದು. ಹಬ್ಬಕ್ಕೆ ಅಂತ ಗುಟ್ಟಾಗಿ ನೇಯಿಸುತ್ತಿರುವ ಹೊಸ ಡಿಸೈನ್‌ಗಳ ಚಿತ್ರ ಇರುವುದು ಅಲ್ಲಿ.

ಆ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ ಅಂತ ಗುಮಾಸ್ತರ ಅಂಗಡಿಯವರು ಮಾಡಿಸುತ್ತಿದ್ದ ಡಿಸೈನ್‌ಗಳು ಮಗ್ಗದಿಂದ ಇಳಿಯುವ ಮೊದಲೇ ಬೇರೆ ಊರಿನ ಅಂಗಡಿಯೊಂದರಲ್ಲಿ ನೇತಾಡುತ್ತಿದ್ದವು. ಅಂಗಡಿ ನಡೆಸುವ ಅಮ್ಮಾವ್ರು ನಮ್ಮ ಆಫೀಸಿಗೆ ಫೋನ್ ಮಾಡಿ, ಹಿಂದಿನ ಪುಟ ಯಾರು ತೆಗೆದಿದ್ದಾರೆ ನೋಡಿ ಅಂದರು. ನಮ್ಮವರು ಸರ್ವರ್‌ನ ಲಾಗ್ ನೋಡಿ ಹೇಳಿದರು: ನಿಮ್ಮದೇ ಅಂಗಡಿ ಕಂಪ್ಯೂಟರಿಂದ, ನಿಮ್ಮದೇ ಲಾಗಿನ್‌ನಲ್ಲಿ, ಮಧ್ಯಾಹ್ನ ಊಟದ ಹೊತ್ತಲ್ಲಿ. ಅಮ್ಮಾವ್ರಿಗೆ ಲಾಗಿನ್ ಮುಚ್ಚದೆ ಊಟಕ್ಕೆ ಹೋಗುವುದು ಅಭ್ಯಾಸ. ಆ ಹೊತ್ತಲ್ಲಿ ಗಲ್ಲಾ ಹತ್ತಿರ ಇದ್ದವರು ಗುಮಾಸ್ತರು ಒಬ್ಬರೇ. ಅಲ್ಲಿಗೆ ತೀರ್ಪು ಆಗಿಹೋಯಿತು, ಗುಮಾಸ್ತರ ಕೆಲಸವೂ ಹೋಯಿತು.

"ನೀವು ಆಗ ಕಂಪ್ಯೂಟರ್ ಮುಟ್ಟಲೇ ಇಲ್ವಾ ಸಾರ್?" ಅಂತ ಕೇಳಿದೆ.

"ಮುಟ್ಟದೆ ಏನು! ಗಿರಾಕಿ ಬಂದಿದ್ರು. ಗಿಳಿಹಸಿರಿಗೆ ಮಾವಿನಕಾಯಿ ಬಾರ್ಡರ್ ಕೇಳಿದ್ರು, ನಮ್ಮಲ್ಲಿ ಇರ್ಲಿಲ್ಲ. ಪಕ್ಕದಂಗಡಿ ಪೇಜು ತೆಗೆದು ನೋಡ್ದೆ. ಅಷ್ಟೇ."

"ಡಿಸೈನ್ ಪುಟ?"

"ಅದರ ತಂಟೆಗೇ ನಾನು ಹೋಗಿಲ್ಲ. ನೋಡಮ್ಮ, ನಾನು ಕೈ ಮುಗಿಯೋಕೆ ಬಂದಿಲ್ಲ. ಪೇಟೆ ತುಂಬಾ ಕಳ್ಳ ಅಂತ ಹಬ್ಬಿದೆ. ಇನ್ನು ಯಾವ ಅಂಗಡಿಯೋನೂ ನನ್ನ ಮೆಟ್ಲು ಹತ್ತಿಸ್ಕೊಳ್ಳಲ್ಲ. ಸುಳ್ಳು ಹೇಳಿದ್ದು ನಿಮ್ಮ ಮಿಷನ್ನು. ವಾಪಸ್ ತಗೊಳ್ಳೋದೂ ನೀವೇ."

ಅಷ್ಟು ಹೇಳಿ ಇಳಿದು ಹೋದರು. ನಾನು ಲಾಗ್ ತೆಗೆದೆ.

ನಮ್ಮವರು ಅದರಲ್ಲಿ ಗಂಟೆ ಮಾತ್ರ ನೋಡಿದ್ದರು. ನಾನು ಸೆಕೆಂಡೂ ನೋಡಿದೆ. ಮೊದಲು ಪಕ್ಕದಂಗಡಿಯ ಪುಟ ತೆರೆದಿದೆ, ಗುಮಾಸ್ತರು ಹೇಳಿದ ಹಾಗೇ. ಅದರ ಬೆನ್ನಿಗೇ ಅಷ್ಟೂ ಡಿಸೈನ್‌ಗಳು ಕಣ್ಣು ಮಿಟುಕಿಸುವುದರೊಳಗೆ ಒಂದಾದ ಮೇಲೊಂದು ತೆರೆದಿವೆ. ನಡುವೆ ಮನುಷ್ಯ ಮೌಸ್ ಸರಿಸುವಷ್ಟು ಪುರುಸೊತ್ತೂ ಇಲ್ಲ. ಯಾವ ಬೆರಳು ಹೀಗೆ ಒತ್ತೀತು? ಇಷ್ಟು ನೋಡದೆ ಒಬ್ಬ ಮನುಷ್ಯನ ಹಣೆಗೆ ಕಳ್ಳ ಅಂತ ಅಂಟಿಸಿದರಲ್ಲ ಅಂತ ನನಗೆ ಮೈಯೆಲ್ಲ ಉರಿಯಿತು.

ಬಾಸ್ ಹತ್ತಿರ ಹೋದೆ. "ಮುಂದೆ ಬೇಕಾದೀತು ಅಂತ ಬ್ರೌಸರ್ ತಾನಾಗೇ ಪುಟ ಮುಂಚೆ ತರಿಸಿಟ್ಕೊಳ್ಳುತ್ತೆ, ಅದೇ ಇರ್ಬೇಕು ಬಿಡಮ್ಮ. ಅವರ ಮನೆ ಜಗಳ, ನಮಗ್ಯಾಕೆ?" ಅಂದರು. ಮುಂಚೆ ತರಿಸಿಡುವ ಆ ಸೌಕರ್ಯವನ್ನು ನಮ್ಮ ಬ್ರೌಸರ್‌ನಲ್ಲಿ ತೆಗೆದುಹಾಕಿದ್ದವರು ಅವರೇ. ಅದನ್ನು ನೆನಪಿಸಿ ಬಂದು ಕೂತೆ.

ಬ್ರೌಸರ್ ಅನ್ನುವುದು ನಿಂತಿರುವುದೇ ಒಂದು ಕಟ್ಟುಪಾಡಿನ ಮೇಲೆ. ಒಂದು ವಿಳಾಸದಿಂದ ಬಂದ ಪುಟ ಇನ್ನೊಂದು ವಿಳಾಸದ ಪುಟದೊಳಗೆ ಕೈ ಹಾಕಿ ಓದುವ ಹಾಗಿಲ್ಲ. ನೀವು ಒಂದು ಕಡೆ ಬ್ಯಾಂಕ್ ತೆರೆದಿಟ್ಟು, ಇನ್ನೊಂದು ಕಡೆ ಅಡುಗೆ ವಿಡಿಯೊ ನೋಡುತ್ತಿದ್ದರೂ ನೆಮ್ಮದಿಯಾಗಿ ಇರುವುದು ಈ ಗೋಡೆಯಿಂದ. ಪರೀಕ್ಷೆ ಮಾಡಲು ನಾನು ಎರಡು ಸುಳ್ಳು ಅಂಗಡಿ ಹುಟ್ಟಿಸಿದೆ. ಒಂದರ ಪುಟದಲ್ಲಿ ನಾಲ್ಕು ಸಾಲು ಕೋಡ್ ಬರೆದು, ಇನ್ನೊಂದರ ಹಿಂದಿನ ಪುಟ ಓದು ಅಂದೆ. ಬೇರೆ ಬ್ರೌಸರ್‌ನಲ್ಲಿ ತಕ್ಷಣ ಅಡ್ಡಗಟ್ಟಿತು. ನಮ್ಮದರಲ್ಲಿ ಮಾವನ ಮನೆಗೆ ಅಳಿಯ ನುಗ್ಗಿದ ಹಾಗೆ ಸೀದಾ ಒಳಗೆ ಹೋಗಿ ಎಲ್ಲ ಹೊತ್ತು ತಂದಿತು. ಅಯ್ಯೋ ಶಿವನೇ ಅಂದೆ, ಜೋರಾಗಿಯೇ.

ಆಮೇಲೆ ಮೂಲ ಎಂಜಿನ್ ಕೋಡನ್ನೂ ನಮ್ಮದನ್ನೂ ಅಕ್ಕಪಕ್ಕ ಇಟ್ಟು, ನಾವು ಎಲ್ಲೆಲ್ಲಿ ಕೈಯಾಡಿಸಿದ್ದೇವೆ ಅಂತ ಒಂದೊಂದೇ ನೋಡುತ್ತಾ ಹೋದೆ. ಎರಡು ವಿಳಾಸ ಒಂದೇ ಮನೆಯವೋ ಅಲ್ಲವೋ ಅಂತ ತೀರ್ಮಾನ ಮಾಡುವ ಜಾಗದಲ್ಲಿ ಸಿಕ್ಕಿತು. ಎರಡೂ ವಿಳಾಸದ ಕೊನೆಯಲ್ಲಿ ಸಂಘದ ಹೆಸರಿದ್ದರೆ, ಒಂದೇ ಮನೆ ಅಂತ ಉತ್ತರ ಕೊಡು ಅನ್ನುವ ಒಂದು ಸಾಲು. ಮೇಲೆ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಒಂದು ಟಿಪ್ಪಣಿ: ಎಲ್ಲ ನಮ್ಮೋರೇ, ಬಿಡು. ನಾನು ಸೇರುವ ಎಷ್ಟೋ ಮುಂಚೆ ಬಾಸ್ ಬರೆದಿದ್ದು.

ಯಾಕೆ ಬರೆದರು ಅನ್ನುವುದೂ ಗೊತ್ತಾಯಿತು. ಪೇಟೆಯಲ್ಲಿ ಗಿರಾಕಿ ಕೇಳಿದ್ದು ಇಲ್ಲ ಅಂತ ಯಾರೂ ಹೇಳುವುದಿಲ್ಲ. ಕೂತ್ಕೊಳ್ಳಿ, ತೋರಿಸ್ತೀನಿ ಅಂತ ಹೇಳಿ, ಪಕ್ಕದಂಗಡಿಯಿಂದ ತರಿಸಿ ತಮ್ಮದೇ ಅನ್ನುವ ಹಾಗೆ ಹರವುತ್ತಾರೆ. ಆ ಪದ್ಧತಿ ಬ್ರೌಸರ್‌ನಲ್ಲೂ ಇರಲಿ ಅಂತ ಸಂಘದವರು ಕೇಳಿದ್ದರು. ಬಾಸ್ ಅಡ್ಡ ಬಂದ ಗೋಡೆಯನ್ನೇ ಕೆಡವಿ ಕೊಟ್ಟಿದ್ದರು.

ಆ ಸಾಲು ಕಿತ್ತು ಹಾಕಿದೆ. ತಿದ್ದಿದ ಈ ತೇಪೆಯನ್ನು ಕೆಲವು ಅಂಗಡಿಗಳಿಗೆ ಮಾತ್ರ ಮೊದಲು ಕಳಿಸಿ ನೋಡೋಣ ಅಂತ ಬಾಸ್ ಒಪ್ಪಿದರು. ಬೆಳಗ್ಗೆ ಕಳಿಸಿದೆವು. ಅಂಗಡಿ ಬಾಗಿಲು ತೆಗೆದು ಗಿರಾಕಿ ಕೂರುವಷ್ಟರಲ್ಲಿ ಫೋನು ಹೊಡೆದುಕೊಳ್ಳಲು ಶುರು. ಪಕ್ಕದಂಗಡಿ ಸ್ಟಾಕೆಲ್ಲ ಖಾಲಿ ತೋರಿಸುತ್ತಿದೆ! ಬಿದ್ದ ಗೋಡೆಯನ್ನು ಎತ್ತಿ ಕಟ್ಟಿದರೆ ಕಿಟಕಿಯೂ ಮುಚ್ಚಿಹೋಗಿತ್ತು. ಒಬ್ಬರು ನನ್ನನ್ನೇ ಹಿಡಿದುಕೊಂಡು, "ಗಿರಾಕಿ ಎದ್ದು ಹೋದ್ರು ಕಣಮ್ಮ. ನಿಮಗೆ ನಮ್ಮ ವ್ಯಾಪಾರದ ಮೇಲೆ ಏನು ಹೊಟ್ಟೆಉರಿ?" ಅಂತ ಕೂಗಾಡಿದರು. ಅವತ್ತೇ ಬಾಸ್ ಆ ತೇಪೆಯನ್ನು ವಾಪಸ್ ತೆಗೆಸಿದರು.

"ಹಬ್ಬ ಮುಗೀಲಿ, ನಿಧಾನಕ್ಕೆ ನೋಡೋಣ."

"ಅಲ್ಲೀತನಕ ಗುಮಾಸ್ತರು ಕಳ್ಳರಾಗೇ ಇರ್ಬೇಕಾ ಸಾರ್?"

"ಹೀಗೂ ಆಗಬಹುದು ಅಂತ ನೀನು ತೋರಿಸಿದೀಯ. ಹೀಗೇ ಆಯ್ತು ಅಂತ ಎಲ್ಲಿದೆ ಹೇಳು?"

ಆ ಮಾತು ಚುಚ್ಚಿತು, ಯಾಕೆಂದರೆ ಅದರಲ್ಲಿ ನ್ಯಾಯವಿತ್ತು. ಪಕ್ಕದಂಗಡಿಯ ಪುಟದಲ್ಲಿ ಈಗ ಹುಡುಕಿದರೆ ಏನೂ ಇರಲಿಲ್ಲ. ಇದ್ದದ್ದನ್ನು ಯಾರೋ ಒರೆಸಿದ್ದರು. ಉಳಿದಿದ್ದರೆ ಗುಮಾಸ್ತರು ಅವತ್ತು ನೋಡಿದ ಆ ಕಂಪ್ಯೂಟರಿನಲ್ಲೇ ಉಳಿದಿರಬೇಕು. ಬ್ರೌಸರ್ ತಾನು ತೋರಿಸಿದ ಪುಟದ ಚೂರುಪಾರನ್ನು ಮತ್ತೆ ಬೇಕಾದೀತು ಅಂತ ಡಿಸ್ಕಿನ ಮೂಲೆಯಲ್ಲಿ ಕೂಡಿಡುತ್ತದೆ. ಹೊಸ ಅಪ್‌ಡೇಟ್ ಬಂದರೆ ಆ ಮೂಲೆ ಗುಡಿಸಿ ಹಾಕುತ್ತದೆ. ನಾನು ಕಳಿಸಿದ ತೇಪೆ ಅವರ ಅಂಗಡಿಗೂ ಹೋಗಿದ್ದರೆ ಎಲ್ಲ ಮಣ್ಣುಪಾಲು. ಮೆಟ್ರೊ ಹತ್ತಿ ಚಿಕ್ಕಪೇಟೆಗೆ ಓಡಿದೆ.

ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿ, ಪ್ಲಗ್ ಕಿತ್ತು ಇಟ್ಟಿದ್ದರು ಅಮ್ಮಾವ್ರು. ಪೊಲೀಸರಿಗೆ ಕೊಡುವ ತನಕ ಯಾರೂ ಮುಟ್ಟಕೂಡದು ಅಂತ ಕಟ್ಟಪ್ಪಣೆ. ಪ್ಲಗ್ ಕಿತ್ತಿದ್ದರಿಂದ ಅಪ್‌ಡೇಟ್ ಅದರೊಳಗೆ ಹೋಗಿರಲಿಲ್ಲ. ಅಬ್ಬಾ, ಅವರ ಸಿಟ್ಟಿಗೆ ನಾನು ಅಡ್ಡಬೀಳಬೇಕು.

"ಅವನ ಪರ ಮಾತಾಡೋಕೆ ಬಂದಿದ್ದರೆ ಹಾಗೇ ಹೋಗಮ್ಮ," ಅಂದರು. "ನಾನು ಈ ಮನೆಗೆ ಸೊಸೆಯಾಗಿ ಬರೋ ಮುಂಚಿಂದ ಅಂಗಡೀಲಿದ್ದೋನು. ನಮ್ಮ ಯಜಮಾನ್ರು ಹೋದ್ಮೇಲೆ ಅವನನ್ನ ನಂಬ್ಕೊಂಡೇ ಬಾಗ್ಲು ತೆಗೀತಿದ್ದೆ. ನನಗೇ ಹೀಗೆ ಮಾಡ್ದ."

"ಮಾಡಿದ್ದರೆ ಇದರೊಳಗೆ ಸಿಗುತ್ತೆ ಅಮ್ಮ. ಇಂಟರ್ನೆಟ್ ಹಾಕಲ್ಲ. ನಿಮ್ಮ ಕಣ್ಣೆದುರಿಗೇ ಒಂದು ನಕಲು ಮಾತ್ರ ತಗೋತೀನಿ."

ಒಪ್ಪಿದರು. ನಕಲು ಇಳಿಯುವ ತನಕ ಸುಮ್ಮನೆ ಕೂತಿದ್ದೆ. ಆಗ ಎದುರಂಗಡಿಯ ಸೇಲ್ಸ್‌ಮನ್ ಒಬ್ಬ ಬಂದು ಹೊರಗಿನ ಮೆಟ್ಟಿಲ ಮೇಲೇ ನಿಂತ. "ಅಮ್ಮಾವ್ರೇ, ಆನಂದ ನೀಲಿ ಬಣ್ಣದ್ದು, ಸಣ್ಣ ಅಂಚು, ಇದ್ರೆ ಕೊಡಿ" ಅಂದ. ಅಮ್ಮಾವ್ರು ಎರಡು ಸೀರೆ ತೆಗೆದು ಅವನ ಕೈಗಿಟ್ಟರು, ಅವನು ಹೋದ. ಚಪ್ಪಲಿ ಸಹ ಬಿಡಲಿಲ್ಲ. ಹಿಂದಿನ ಗೋಡೌನ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ನನಗೆ ಅಲ್ಲೇ ಎದ್ದು ಕುಣಿಯಬೇಕು ಅನ್ನಿಸಿತು. ಪೇಟೆಯ ಪದ್ಧತಿ ಇದು! ಮೆಟ್ಟಿಲ ಮೇಲೆ ನಿಂತು ಕೇಳುತ್ತಾರೆ, ಅಂಗಡಿಯವರು ಇಷ್ಟ ಬಂದದ್ದು ತೆಗೆದುಕೊಡುತ್ತಾರೆ. ನಮ್ಮೋರೇ ಅಂತ ಹೇಳಿ ಯಾರೂ ಯಾರ ಗೋಡೌನಿಗೂ ನುಗ್ಗುವುದಿಲ್ಲ. ಬಾಸ್ ಪದ್ಧತಿಯ ಹೆಸರು ಕೇಳಿಸಿಕೊಂಡಿದ್ದರು, ಪದ್ಧತಿ ನೋಡಿರಲಿಲ್ಲ.

ನಕಲು ಬಿಚ್ಚಿದಾಗ ಪಕ್ಕದಂಗಡಿಯ ಅವತ್ತಿನ ಪುಟ ಸಿಕ್ಕಿತು. ಕೆಳಗಡೆ, ಇಷ್ಟು ಜನ ಭೇಟಿ ಕೊಟ್ಟಿದ್ದಾರೆ ಅಂತ ತೋರಿಸುವ ಒಂದು ಪುಟ್ಟ ಕೌಂಟರ್. ಅದರ ಕೋಡು ಮೊದಲು ಭೇಟಿಯ ಸಂಖ್ಯೆ ಬರೆಯುತ್ತದೆ. ಆಮೇಲೆ, ನೋಡುತ್ತಿರುವ ಅಂಗಡಿ ಯಾವುದೋ ಅದರ ಹಿಂದಿನ ಪುಟಕ್ಕೆ ಹೋಗಿ, ಇರುವ ಡಿಸೈನ್‌ಗಳನ್ನೆಲ್ಲ ಬಾಚಿ ಹೊರಗೆ ಕಳಿಸುತ್ತದೆ. ಕಳಿಸಿದ ವಿಳಾಸವನ್ನು ಅಕ್ಷರ ಅಕ್ಷರ ಓದಿದೆ. ಅದು ಸಂಘದ್ದಲ್ಲ, ಸಂಘದ ಹೆಸರಿನ ಶುರುವಿಗೆ ಏನೋ ಅಕ್ಷರ ಅಂಟಿಸಿ ಯಾರೋ ಕೊಂಡ ಬೇರೆಯದೇ ವಿಳಾಸ. ನಮ್ಮ ಬ್ರೌಸರ್ ಕೊನೆಯ ಭಾಗ ಮಾತ್ರ ನೋಡುತ್ತಿದ್ದರಿಂದ ಅದಕ್ಕೆ ಅವನೂ ನಮ್ಮೋನೇ. ಅಂದರೆ ಪೇಟೆಯ ಅಂಗಡಿಗಳಷ್ಟೇ ಅಲ್ಲ, ಲೋಕದ ಯಾವ ಮೂಲೆಯವನು ಬೇಕಾದರೂ ಒಳಗೆ ಬರಬಹುದಿತ್ತು.

ಪಕ್ಕದಂಗಡಿಯವರನ್ನು ಕೇಳಿದರೆ ಅವರು ತಲೆ ಚಚ್ಚಿಕೊಂಡರು. ಪುಟ ಮಾಡಿಕೊಡಲು ಬಂದವನೊಬ್ಬ, ಚೆನ್ನಾಗಿ ಕಾಣುತ್ತೆ ಅಂತ ಹೇಳಿ ಹಾಕಿದ್ದನಂತೆ, ತಾನೇ ತೆಗೆದನಂತೆ. ಅವನ ಫೋನು ಸ್ವಿಚ್ಡ್ ಆಫ್. ಅವನು ಇವತ್ತಿಗೂ ಸಿಕ್ಕಿಲ್ಲ.

ಅಮ್ಮಾವ್ರಿಗೆ ಎಲ್ಲ ವಿವರಿಸಿದೆ. ಅವರು ಒಂದು ಮಾತು ಹೇಳಿದರು. "ಅವತ್ತು ನಿಮ್ಮ ಆಫೀಸೇ ಅವನೇ ಕಳ್ಳ ಅಂತು. ಇವತ್ತು ನೀನೊಬ್ಳು ಬಂದು ಅಲ್ಲ ಅಂತೀಯ. ನಾನು ಯಾವುದನ್ನ ನಂಬ್ಲಿ? ಸಂಘದಲ್ಲಿ ಎಲ್ಲರ ಮುಂದೆ ಹೇಳಿ, ಆಗ ಒಪ್ತೀನಿ."

ಆಫೀಸಿಗೆ ಬಂದು ಎರಡನೇ ತೇಪೆಗೆ ಕೂತೆ. ಈ ಸಲ ಪೇಟೆಯ ಪದ್ಧತಿಯನ್ನೇ ಅಕ್ಷರಶಃ ಬರೆದೆ. ಗೋಡೆ ಎಲ್ಲ ಅಂಗಡಿಯ ನಡುವೆಯೂ ಇರುತ್ತದೆ. ಪಕ್ಕದಂಗಡಿಯ ಸ್ಟಾಕು ಬೇಕಾದರೆ ಹೊರಗೆ ನಿಂತು ಕೇಳಬೇಕು. ಮುಂದಿನ ಪುಟದಲ್ಲಿ ಇರುವುದನ್ನು ಮಾತ್ರ ಕೊಡುತ್ತದೆ. ಕೇಳುವಾಗ ಯಾರ ಲಾಗಿನ್ನೂ ಜೊತೆಗೆ ಹೋಗುವುದಿಲ್ಲ. ವಿಳಾಸವನ್ನು ಅರ್ಧಂಬರ್ಧ ನೋಡದೆ ಪೂರ್ತಿ ಹೊಂದಿಸಿ ನೋಡುತ್ತದೆ. ಎಂಜಿನ್ ಕಟ್ಟಿ ಮುಗಿಯಲು ಅರ್ಧ ದಿನ ಬೇಕು. ಮಧ್ಯೆ ಕರೆಂಟ್ ಹೋಗಿ ಮತ್ತೆ ಮೊದಲಿಂದ. ಬೆಸ್ಕಾಂನವರಿಗೆ ಬೈದುಕೊಂಡಿದ್ದಕ್ಕೆ ಲೆಕ್ಕವಿಲ್ಲ. ಅಂತೂ ಮುಗಿಸಿ, ನಮ್ಮ ಕೆಲಸದಲ್ಲಿ ತಪ್ಪು ಹುಡುಕುವ ಟೆಸ್ಟರ್‌ಗೆ ಕೊಟ್ಟರೆ, ಅವನು ಒಂದು ಕಾಫಿ ಕುಡಿಯುವುದರೊಳಗೆ ಮುರಿದು ಕೈಗೆ ಕೊಟ್ಟ.

"ಗುರು, ಪುಟದೊಳಗೆ ಪುಟ ಕೂರಿಸಿ ನೋಡಿದೀಯಾ? ಹಾಗೆ ಹೋದ್ರೆ ಇನ್ನೂ ಒಳಗೆ ಬಿಡ್ತಿದೆ."

ಬಾಸ್ ಆ ಸಾಲನ್ನು ಎರಡು ಕಡೆ ಅಂಟಿಸಿದ್ದರು. ನಾನು ಒಂದು ಕಡೆ ಮಾತ್ರ ಕಿತ್ತಿದ್ದೆ. ಎರಡನೆಯದನ್ನೂ ಕಿತ್ತು, ಬೇರೆಲ್ಲೂ ಇಲ್ಲ ಅಂತ ಇಡೀ ಕೋಡ್ ಜಾಲಾಡಿ, ಮತ್ತೆ ಕಟ್ಟಿದೆ. ಟೆಸ್ಟರ್ ಏನು ಮಾಡಿದರೂ ಗೋಡೆ ಜಪ್ಪಯ್ಯ ಅನ್ನಲಿಲ್ಲ. ಸ್ಟಾಕು ಮಾತ್ರ ಸರಾಗವಾಗಿ ಬರುತ್ತಿತ್ತು.

ಅಪ್‌ಡೇಟ್ ಜೊತೆಗೆ, ಏನು ಬದಲಾಗಿದೆ ಅಂತ ಎರಡು ಸಾಲು ಹೋಗುತ್ತದೆ. ನಾನು ಇದ್ದದ್ದು ಇದ್ದ ಹಾಗೆ ಬರೆದೆ: ನಮ್ಮ ಬ್ರೌಸರ್‌ನ ತಪ್ಪಿನಿಂದ ಅಂಗಡಿಗಳ ಖಾಸಗಿ ಪುಟವನ್ನು ಹೊರಗಿನವರು ಓದಬಹುದಾಗಿತ್ತು, ಒಂದು ಅಂಗಡಿಯಲ್ಲಿ ಹಾಗೆ ಆಗಿದೆ, ಅದರಲ್ಲಿ ಅಂಗಡಿಯವರ ಕೈವಾಡವಿಲ್ಲ. ಬಾಸ್ ಅದನ್ನು ಅಳಿಸಿ "ಸಣ್ಣಪುಟ್ಟ ಸುಧಾರಣೆಗಳು" ಅಂತ ಬರೆದರು.

"ಇದು ತಿಪ್ಪೆ ಸಾರಿಸೋ ಕೆಲಸ ಸಾರ್."

"ಸಂಘದೋರು ನಮ್ಮನ್ನ ಬಿಟ್ರೆ ಈ ಮಹಡೀಲಿ ಇರೋ ಎಲ್ಲರೂ ಮನೆಗೆ ಹೋಗ್ಬೇಕು, ಗೊತ್ತಾ? ತೂತು ಮುಚ್ಚಾಯ್ತಲ್ಲ. ಇನ್ನೇನು?"

"ತೂತು ಮುಚ್ಚಿದೆ. ಆ ಮನುಷ್ಯನ ಮೇಲಿನ ಮಾತು ಮುಚ್ಚಿಲ್ಲ. ಆ ಸಾಲು ಇಲ್ದೆ ನಾನು ಸಹಿ ಹಾಕಲ್ಲ."

ಅಪ್‌ಡೇಟ್ ನಮ್ಮದೇ ಅಂತ ಬ್ರೌಸರ್ ನಂಬಬೇಕಾದರೆ ಅದಕ್ಕೊಂದು ಡಿಜಿಟಲ್ ಸಹಿ ಬೇಕು. ಅದು ನನ್ನ ಜವಾಬ್ದಾರಿ. ನಾನು ಕೈ ಕಟ್ಟಿ ಕೂತೆ. ಬಾಸ್ ಮುಖ ಕೆಂಪಗೆ ಮಾಡಿಕೊಂಡು ಒಳಗೆ ಹೋದರು. ಗೆದ್ದೆ ಅಂತ ಬೀಗುತ್ತಿದ್ದೆ. ಟೆಸ್ಟರ್ ಕುರ್ಚಿ ಎಳೆದುಕೊಂಡು ಪಕ್ಕ ಬಂದ.

"ನೀನು ಹಟ ಹಿಡಿದು ಕೂತಿದೀಯ, ಸರಿ. ಈ ಕ್ಷಣದಲ್ಲಿ ಪೇಟೆಯ ಅಷ್ಟೂ ಅಂಗಡಿ ಬಾಗಿಲು ಕಳ್ಳರಿಗೆ ತೆಗೆದಿದೆ. ಅದು ಯಾರ ಲೆಕ್ಕಕ್ಕೆ?"

ಅವನ ಮೇಲೆ ಕೆಟ್ಟ ಕೋಪ ಬಂತು. ಆದರೆ ಅವನು ಹೇಳಿದ್ದು ಸರಿ. ಇನ್ನೊಂದು ಅಂಗಡಿಯಲ್ಲಿ ಇನ್ನೊಬ್ಬ ಗುಮಾಸ್ತರು ಹೀಗೇ ಬೀದಿಗೆ ಬಿದ್ದರೆ, ಆಗ ತಪ್ಪು ನನ್ನದೇ ಆಗುತ್ತಿತ್ತು. ಎದ್ದು ಹೋಗಿ, "ನಿಮ್ಮ ಸಾಲೇ ಇರ್ಲಿ ಸಾರ್, ಹಾಕ್ತೀನಿ" ಅಂದೆ. ಬಾಸ್ ನೆಮ್ಮದಿಯಾಗಿ ನಕ್ಕರು. ನಾನು ಮಾತು ಮುಂದುವರಿಸಿದೆ: "ಎಲ್ಲ ಅಂಗಡಿಗೂ ಅಪ್‌ಡೇಟ್ ಆಗೋ ತನಕ ನಾನು ಬಾಯಿ ಬಿಡಲ್ಲ. ಆದ ದಿನ ಸಂಘಕ್ಕೆ ಹೋಗಿ ಎಲ್ಲ ಹೇಳ್ತೀನಿ. ನಿಮಗೆ ಮುಂಚೇನೇ ತಿಳಿಸ್ತಿದೀನಿ, ಹಿಂದಿನಿಂದ ಮಾಡಿದೆ ಅನ್ಬೇಡಿ." ಬಾಸ್ ನಗು ನಿಂತುಹೋಯಿತು.

"ಕೆಲಸ ಹೋಗುತ್ತೆ ಕಣಮ್ಮ."

"ಹೋಗ್ಲಿ ಸಾರ್. ಅವರದ್ದು ಹೋಗಿಲ್ವಾ?"

ಕೊನೆಯ ಅಂಗಡಿಯ ಅಪ್‌ಡೇಟ್ ಆಯಿತು ಅಂತ ಗೊತ್ತಾದ ದಿನ ಹೋದೆ. ಸಂಘದ ಹಾಲ್ ಒಂದು ಓಣಿಯ ಮೇಲ್ಮಹಡಿಯಲ್ಲಿದೆ. ಬಟ್ಟೆ ಮೂಟೆ ಹೊತ್ತವರಿಗೆ ದಾರಿ ಬಿಟ್ಟು ಬಿಟ್ಟು ಹತ್ತಬೇಕು. ಹಳೆಯ ಬ್ರೌಸರ್ ಇದ್ದ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಸಿಕ್ಕಿಸಿ ನನ್ನ ಎರಡು ಸುಳ್ಳು ಅಂಗಡಿ ತೆರೆದೆ. ಒಂದು ಅಂಗಡಿಯ ಪುಟ ಸುಮ್ಮನೆ ನೋಡಿದೆ, ಬೇರೇನೂ ಒತ್ತಲಿಲ್ಲ. ಇನ್ನೊಂದರ ಗುಟ್ಟೆಲ್ಲ ಗೋಡೆಯ ಮೇಲೆ ಸಾಲಾಗಿ ಬಂದು ಬಿತ್ತು.

ಅಧ್ಯಕ್ಷರು ಕನ್ನಡಕ ತೆಗೆದರು. "ಅಂದ್ರೆ ಗುಮಾಸ್ತರು ಕದ್ದಿಲ್ಲ ಅಂತೀರಾ?"

"ಕದ್ದಿಲ್ಲ. ಗಿರಾಕಿಗೆ ಸೀರೆ ತೋರಿಸ್ತಿದ್ರು, ಅಷ್ಟೇ. ಡಿಸೈನ್ ಬಾಚಿದ ಕೋಡು ಆ ಅಂಗಡಿ ಕಂಪ್ಯೂಟರಿನ ನಕಲಲ್ಲೇ ಸಿಕ್ಕಿದೆ, ನೋಡಿ. ಕಳ್ಳನಿಗೆ ಬಾಗ್ಲು ತೆಗೆದಿದ್ದು ನಮ್ಮ ಬ್ರೌಸರ್. ಲಾಗ್ ಸರಿಯಾಗಿ ನೋಡ್ದೆ ಅವರ ಹೆಸರು ಬರೋ ಹಾಗೆ ಮಾಡಿದ್ದೂ ನಮ್ಮ ಆಫೀಸೇ."

ಬೈಗುಳ ತಿಂದೆ, ಹೊಟ್ಟೆ ತುಂಬಾ. ಬಾಸ್ ಕೊನೆಯ ಸಾಲಿನಲ್ಲಿ ಬಂದು ಕೂತಿದ್ದರು. ಒಂದು ಹಂತದಲ್ಲಿ ಎದ್ದು, "ಆ ಸಾಲು ಬರೆದೋನು ನಾನು" ಅಂದರು. ಅವರಿಂದ ಅಷ್ಟು ನಾನು ನಿರೀಕ್ಷಿಸಿರಲಿಲ್ಲ. ಸಂಘದವರು ನಮ್ಮ ಕಂಪನಿಯನ್ನು ಕೈಬಿಡಲಿಲ್ಲ, ನನ್ನ ಕೆಲಸವೂ ಹೋಗಲಿಲ್ಲ. ಬಾಸ್ ನನ್ನ ಜೊತೆ ಮಾತಾಡುವುದು ಮಾತ್ರ ಕಡಿಮೆ ಮಾಡಿದರು.

ಅಮ್ಮಾವ್ರು ಗುಮಾಸ್ತರಿಗೆ ಹೇಳಿ ಕಳಿಸಿದರು. ನಾನೂ ಬರಬೇಕು, ಅವರೆದುರಿಗೆ ಇನ್ನೊಂದು ಸಲ ಹೇಳಬೇಕು ಅಂದರು. ಹೋದೆ. ಗುಮಾಸ್ತರು ಹೆಂಡತಿಯ ಜೊತೆ ಬಂದರು, ಅದೇ ಇಸ್ತ್ರಿ ಅಂಗಿ. ಗಲ್ಲಾ ಕಡೆ ಹೋಗಲಿಲ್ಲ. ಚಪ್ಪಲಿ ಬಿಟ್ಟು, ಗಿರಾಕಿಗಳು ಕೂರುವ ಬಿಳಿ ಗಾದಿಯ ಮೇಲೆ ಕಾಲು ಮಡಿಚಿ ಕೂತರು.

"ಬಾಪ್ಪ, ನಿನ್ನ ಜಾಗಕ್ಕೆ ಬಾ," ಅಂದರು ಅಮ್ಮಾವ್ರು. "ಎಲ್ಲ ಗೊತ್ತಾಯ್ತು."

"ನಮ್ಮನೆಯೋಳಿಗೆ ಹಬ್ಬಕ್ಕೆ ಒಂದು ಸೀರೆ ಬೇಕಿತ್ತು. ತೋರಿಸಿ."

ಅಮ್ಮಾವ್ರ ಅಂಗಡಿಯ ಸೇಲ್ಸ್‌ಮನ್ ಎದ್ದ. ಗುಮಾಸ್ತರು ಕೈ ಅಡ್ಡ ಮಾಡಿದರು. "ನೀನು ಕೂತ್ಕೋಪ್ಪ. ಅಮ್ಮಾವ್ರು ತೋರಿಸ್ತಾರೆ."

ಅಮ್ಮಾವ್ರು 'ಹೋಗಯ್ಯಾ' ಅನ್ನುತ್ತಾರೆ ಅಂದುಕೊಂಡೆ. ಅನ್ನಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬೀರುವಿನಿಂದ ಒಂದು ಸೀರೆ ತೆಗೆದು ಹರವಿದರು. "ಇನ್ನೊಂದು," ಅಂದರು ಗುಮಾಸ್ತರು. ಇನ್ನೊಂದು ಬಂತು. "ಬೇರೆ ಬಣ್ಣ." ಬಂತು. "ಮೇಲಿನ ಅರೆಯಲ್ಲಿ ಇದೆಯಲ್ಲ, ಅದು." ಅಮ್ಮಾವ್ರು ಸ್ಟೂಲ್ ಹತ್ತಿ ಇಳಿಸಿದರು. ಹಬ್ಬಕ್ಕೆ ಅಂತ ಇಟ್ಟಿದ್ದೆಲ್ಲ ಗಾದಿಯ ಮೇಲೆ ಗುಡ್ಡೆ ಬಿತ್ತು. ಗುಮಾಸ್ತರ ಹೆಂಡತಿ ಯಾವುದನ್ನೂ ಮುಟ್ಟಲಿಲ್ಲ, ಗಂಡನ ಮುಖವನ್ನೇ ನೋಡುತ್ತಿದ್ದರು.

"ಯಾವ್ದೂ ಹಿಡಿಸ್ಲಿಲ್ಲಮ್ಮ," ಅಂತ ಗುಮಾಸ್ತರು ಎದ್ದರು. ಚಪ್ಪಲಿ ಮೆಟ್ಟಿಕೊಂಡು, ಹೆಂಡತಿಯನ್ನು ಮುಂದೆ ಬಿಟ್ಟು, ಮೆಟ್ಟಿಲಿಳಿದು ಹೋದರು.

ಅಮ್ಮಾವ್ರು ಸೇಲ್ಸ್‌ಮನ್‌ನನ್ನು ಹತ್ತಿರ ಬರಗೊಡಲಿಲ್ಲ. ಗಾದಿಯ ಮೇಲೆ ಕೂತು ಒಂದೊಂದೇ ಸೀರೆ ಮಡಿಚತೊಡಗಿದರು. ತಲೆ ಎತ್ತಿ ನನ್ನ ಕಡೆ ಒಂದು ಸಲ ನೋಡಿದರು. ಸೀರೆ ಮಡಿಚಲು ನಾನು ಕೈ ಹಾಕಲಿಲ್ಲ.